ಅತ್ತೆಗೆ ಮೀಸೆ ಬಂದರೆ

"ಮೊಣಕಾಲು ಒಂದು ಸರಿ ಇದ್ದಿದ್ದರೆ ಬಾಬಿ ಓರ್ ಮುಂದೆ ಐಸ್ ಹಾಕಿಯ ದೊರೆ ಗ್ರೆಟ್ಸ್‌ಕಿಯೂ ಎಂತದೂ ಅಲ್ಲ" ಅಂದ ಕೆನಡಾ ಭಾವ.

"ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು" ಅಂದ ಪುಟ್ಟಣ್ಣ.

ಶಿರಸಿ ಕಡೆಯ ಜುಲೈ ಮಳೆ. ಪುಟ್ಟಣ್ಣ ತೋಟದ ಸಂಕದ ಮೇಲೆ ಪಾಚಿಗೆ ಜಾರಿ ಕಾಲು ಮುರಿದುಕೊಂಡಿದ್ದ. ನೋಡಿಕೊಂಡು ಬರೋಣ ಅಂತ ಹೋದವರು ನಾವು ಮೂವರು. ಕೆನಡಾ ಭಾವ ಮಗಳ ಬಾಣಂತನಕ್ಕೆ ಅಂತ ಹೆಂಡತಿಯ ಹಿಂದೆ ಟೊರಾಂಟೋಗೆ ಹೋದವನು. ಚಳಿಗೆ ಹೆದರಿ ಹೊರಗೆ ಕಾಲಿಡದೆ, ಅಳಿಯನ ಟಿವಿಯಲ್ಲಿ ಐಸ್ ಹಾಕಿ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡು ಬಂದ. ಇನ್ನೊಬ್ಬರು ಕಾರವಾರದ ಡ್ರಿಲ್ ಮಾಸ್ತರು. ನಿವೃತ್ತರಾದರೂ ಸೀಟಿ ಜೇಬಿನಲ್ಲೇ ಇರುತ್ತದೆ. ಅವರಿಗೆ ಹಾಕಿ ಅಂದರೆ ನೆಲದ ಮೇಲೆ ಆಡುವುದು ಮಾತ್ರ. ಉಳಿದದ್ದೆಲ್ಲ ಜಾರುಬಂಡಿ.

"ಯಾರು ಮಾರಾಯಾ ಈ ಓರ್?" ಅಂದರು ಮಾಸ್ತರು.

ಭಾವ ಕಾಯುತ್ತಿದ್ದದ್ದೇ ಇದಕ್ಕೆ. "ಬೋಸ್ಟನ್ ತಂಡದವನು. ಡಿಫೆನ್ಸ್ ಆಡುವವನು. ಹಾಗಿದ್ದರೂ ಇಡೀ ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್, ಅಂದರೆ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ, ಮಾಡಿದ್ದು ಎರಡು ಸಲ. 1970ರಲ್ಲಿ ಒಮ್ಮೆ, 1975ರಲ್ಲಿ ಒಮ್ಮೆ. ಇವತ್ತಿನವರೆಗೆ ಬೇರೆ ಯಾವ ಡಿಫೆನ್ಸ್‌ನವನಿಗೂ ಇದು ಆಗಿಲ್ಲ. ಆದರೆ ಎಡ ಮೊಣಕಾಲಿಗೆ ಹನ್ನೆರಡಕ್ಕೂ ಹೆಚ್ಚು ಆಪರೇಷನ್. 657 ಪಂದ್ಯಕ್ಕೆ ಆಟ ಮುಗೀತು. 30ನೇ ವಯಸ್ಸಿಗೆ ಮನೆಗೆ."

"ಅಷ್ಟು ಆಪರೇಷನ್ ಮಾಡಿದರೂ ಗುಣ ಆಗಲಿಲ್ಲ ಅಂದರೆ ಡಾಕ್ಟರನ್ನಾದರೂ ಬದಲಿಸಬೇಕಿತ್ತು" ಅಂದ ಪುಟ್ಟಣ್ಣ.

"ಡಾಕ್ಟರಲ್ಲ, ಕಾಲವೇ ಹಾಗಿತ್ತು. ಈಗಿನ ಹಾಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಹೊಲಿಯೋದೆಲ್ಲ ಆಗ ಎಲ್ಲಿ? ಮೊಣಕಾಲು ಕೊಯ್ಯೋದು, ಹರಿದ ಕಾರ್ಟಿಲೇಜ್ ತೆಗೆದು ಬಿಸಾಡೋದು. ಆಮೇಲೆ ಎಲುಬಿಗೆ ಎಲುಬು ತಿಕ್ಕೋದೇ. ಕೊನೆಗೆ ಶಿಕಾಗೋ ತಂಡಕ್ಕೆ ಹೋದ. ಅಲ್ಲಿ ಆಡಿದ್ದು ಬರೀ 26 ಪಂದ್ಯ. ಆಡದೆ ಸಂಬಳ ತಗೊಳ್ಳಲ್ಲ ಅಂತ ಚೆಕ್ ಮುರಿಸಲೇ ಇಲ್ಲ."

ಇದನ್ನು ಕೇಳಿ ಮಾಸ್ತರು ಹಪ್ಪಳ ಬಾಯಿಗಿಡುವುದನ್ನೇ ಮರೆತರು. ಒಳಗಿನಿಂದ ಅತ್ತಿಗೆ, "ಆ ಮನುಷ್ಯನಿಗೆ ಮದುವೆ ಆಗಿತ್ತಾ?" ಅಂತ ಕೇಳಿದರು.

ಭಾವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ದೊಡ್ಡ ಆಟಗಾರರಿಗೆ ಗೌರವ ಕೊಡುವ ಹಾಲ್ ಆಫ್ ಫೇಮ್‌ಗೆ ಸೇರಲು ನಿವೃತ್ತಿ ಆದಮೇಲೆ ಮೂರು ವರ್ಷ ಕಾಯಬೇಕು. ಓರ್‌ಗೆ ಆ ನಿಯಮವನ್ನೇ ಬಿಟ್ಟು 1979ರಲ್ಲಿ ಸೇರಿಸಿಕೊಂಡರು. ಆಗ ಅವನಿಗೆ 31. ಆದರೆ ನನ್ನ ತಕರಾರು ಬೇರೆ. ಗಾಯವಾಗಿ ಬೇಗ ಬಿಟ್ಟವನು ನಮ್ಮ ತಲೆಯಲ್ಲಿ ಮುದುಕನಾಗುವುದೇ ಇಲ್ಲ. ಗ್ರೆಟ್ಸ್‌ಕಿ ಒಂದು ಕಾಲಕ್ಕೆ ಒಂದೇ ಸೀಸನ್ನಿನಲ್ಲಿ 92 ಗೋಲು ಹೊಡೆದವನು. 1999ರ ಕೊನೆಯ ಸೀಸನ್ನಿನಲ್ಲಿ ಹೊಡೆದದ್ದು 9. ಅದನ್ನೂ ಜನ ನೋಡಿದರು, ಲೆಕ್ಕಕ್ಕೂ ಹಿಡಿದರು. ಓರ್‌ನ 9 ಗೋಲಿನ ವರ್ಷವನ್ನು ಯಾರೂ ನೋಡಲಿಲ್ಲ. ಹಾಗಾಗಿ ಅವನು ಆಡದ ವರ್ಷಗಳನ್ನೆಲ್ಲ ನಾವು ಒಳ್ಳೊಳ್ಳೆ ಅಂಕ ಹಾಕಿ ತುಂಬಿಬಿಡುತ್ತೇವೆ. ಪರೀಕ್ಷೆಗೆ ಬಾರದವನೇ ಫಸ್ಟ್ ಕ್ಲಾಸ್!

ಇದನ್ನು ಹೇಳಿದ್ದಕ್ಕೆ ಭಾವ ನನ್ನನ್ನು ಶತ್ರು ಪಕ್ಷಕ್ಕೆ ಸೇರಿಸಿ, "ಹಾಗಾದರೆ ಲೆಮ್ಯೂ ಕತೆ ಕೇಳು" ಅಂದ.

ಮಾರಿಯೋ ಲೆಮ್ಯೂ ಪಿಟ್ಸ್‌ಬರ್ಗ್ ತಂಡದವನು. ಬೆನ್ನು ಎಷ್ಟು ಕೆಟ್ಟಿತ್ತೆಂದರೆ ಬಗ್ಗಿ ತನ್ನ ಸ್ಕೇಟಿನ ಲೇಸು ಕಟ್ಟಲು ಆಗುತ್ತಿರಲಿಲ್ಲ, ಬೇರೆಯವರು ಕಟ್ಟಬೇಕು. ಅದು ಸಾಲದು ಅಂತ 1993ರ ಜನವರಿಯಲ್ಲಿ ಹಾಡ್ಜ್‌ಕಿನ್ ಕ್ಯಾನ್ಸರ್. ರೇಡಿಯೇಷನ್ ಶುರು. ಮಾರ್ಚ್ 2ರಂದು ಬೆಳಿಗ್ಗೆ ಕೊನೆಯ ರೇಡಿಯೇಷನ್ ಮುಗಿಸಿ, ವಿಮಾನ ಹತ್ತಿ, ರಾತ್ರಿ ಫಿಲಡೆಲ್ಫಿಯಾದಲ್ಲಿ ಆಡಿ ಗೋಲು ಹೊಡೆದ. ಎದುರು ತಂಡದ ಪ್ರೇಕ್ಷಕರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವರ್ಷ 60 ಪಂದ್ಯಕ್ಕೆ 160 ಪಾಯಿಂಟ್. ಎರಡು ತಿಂಗಳು ಆಡದೇ ಇದ್ದರೂ ಲೀಗಿಗೆ ಮೊದಲು.

ಪುಟ್ಟಣ್ಣನ ಬಾಯಿ ಒಂದು ಗಳಿಗೆ ಕಟ್ಟಿತು. ಆಮೇಲೆ, "ಅಲ್ದೋ, ನಾನು ಕಾಲು ಮುರ್ಕೊಂಡು ಬಚ್ಚಲಿಗೆ ಹೋಗಲಿಕ್ಕೂ ಇಬ್ಬರು ಬೇಕು" ಅಂದ.

"ಅಂವ 1997ರಲ್ಲಿ ಬಿಟ್ಟ. 745 ಪಂದ್ಯ, 1494 ಪಾಯಿಂಟ್. ಭಾಗಿಸಿ ನೋಡು."

ಅಡಿಕೆ ದರ ಲೆಕ್ಕ ಹಾಕುವ ಮೊಬೈಲ್ ತೆಗೆದು ಪುಟ್ಟಣ್ಣ ಭಾಗಿಸಿದ. ಪಂದ್ಯಕ್ಕೆ ಎರಡರ ಮೇಲೆ ಚೂರು. ಗ್ರೆಟ್ಸ್‌ಕಿಯದು 1487 ಪಂದ್ಯ, 2857 ಪಾಯಿಂಟ್, ಅಂದರೆ 1.92. "ಮುಗೀತಲ್ಲ, ನಿಮ್ಮವನೇ ಮುಂದೆ!"

"ಮುಗೀಲಿಲ್ಲ. 2000ದ ಡಿಸೆಂಬರಿನಲ್ಲಿ ವಾಪಸ್ ಬಂದ. ವಯಸ್ಸಾಗಿತ್ತು, ಸೊಂಟವೂ ಕೈಕೊಟ್ಟಿತು. ಕೊನೆಗೆ 915 ಪಂದ್ಯಕ್ಕೆ 1723. ಸರಾಸರಿ 1.88ಕ್ಕೆ ಇಳೀತು."

ನೋಡಿ, ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಸರಾಸರಿಯಲ್ಲಿ ಗ್ರೆಟ್ಸ್‌ಕಿಗಿಂತ ಮೇಲೆ ಇರುತ್ತಿದ್ದ. ಬಂದು ಆಡಿದ್ದಕ್ಕೆ ಕೆಳಗಾದ. ಆದರೆ ಬಾರದಿದ್ದರೆ 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ನಾಯಕನಾಗಿ ಕೆನಡಾಕ್ಕೆ ಚಿನ್ನ ತರುತ್ತಿರಲಿಲ್ಲ. ದಶಾಂಶ ನೋಡುವವರಿಗೆ ನಷ್ಟ, ಆಟ ನೋಡುವವರಿಗೆ ಲಾಭ. ಇನ್ನೊಂದು ವಿಷಯ ಅತ್ತಿಗೆಗೆ ಬಹಳ ಹಿಡಿಸಿತು. ಆ ತಂಡ ದಿವಾಳಿ ಎದ್ದು ಇವನ ಸಂಬಳ ಬಾಕಿ ಉಳಿಸಿಕೊಂಡಿದ್ದಾಗ, ಬಾಕಿಯ ಬದಲು 1999ರಲ್ಲಿ ತಂಡದ ಮಾಲೀಕತ್ವವನ್ನೇ ತೆಗೆದುಕೊಂಡ. "ಇಂವ ಸಂಸಾರಸ್ಥ" ಅಂದರು.

ಎಲ್ಲರ ಗಾಯಕ್ಕೂ ಈ ಮರ್ಯಾದೆ ಸಿಗುವುದಿಲ್ಲ. ಮೈಕ್ ಬಾಸಿ ಅಂತ ಒಬ್ಬನಿದ್ದ. ಒಂಬತ್ತು ಸೀಸನ್ ಬಿಡದೆ 50 ಗೋಲಿನ ಮೇಲೆ ಹೊಡೆದ, 1980ರಿಂದ ಸಾಲಾಗಿ ನಾಲ್ಕು ಸಲ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದ. ಬೆನ್ನು ಕೈಕೊಟ್ಟು ಅವನೂ 30ಕ್ಕೇ ಬಿಟ್ಟ. ಓರ್‌ನ ಹೆಸರು ಹೇಳಿ ಕಣ್ಣೀರು ಹಾಕುವವರು ಬಾಸಿಯ ಹೆಸರು ಎತ್ತುವುದೇ ಕಡಿಮೆ. ಓರ್ ಆ ಜಾಗದ ಆಟವನ್ನೇ ಬದಲಿಸಿದ, ಬಾಸಿ ಗೋಲು ಹೊಡೆದ, ಅಷ್ಟೇ. ಅದೂ ಗ್ರೆಟ್ಸ್‌ಕಿ ಆಡುತ್ತಿದ್ದ ಕಾಲದಲ್ಲಿ. ಮೊಣಕಾಲು ಹೋದರೆ ಸಾಲದು, ಸರಿಯಾದ ಕಾಲದಲ್ಲೂ ಹೋಗಬೇಕು.

"ಹಳೇ ಕಾಲದಲ್ಲಿ ಇನ್ನೂ ಕಷ್ಟ" ಅಂತ ಭಾವ ಮುಂದುವರಿಸಿದ. "ಮಾಂಟ್ರಿಯಲ್‌ನಲ್ಲಿ ಹೌವಿ ಮೊರೆನ್ಜ್ ಅಂತ. ಆ ಕಾಲದ ದೊಡ್ಡ ಹೀರೋ. 1937ರ ಜನವರಿ 28ಕ್ಕೆ ಆಟದಲ್ಲಿ ಕಾಲು ಮುರೀತು. ಮಾರ್ಚ್ 8ಕ್ಕೆ ಆಸ್ಪತ್ರೆಯಲ್ಲೇ ಸತ್ತ."

ಎಲ್ಲರೂ ಒಟ್ಟಿಗೆ ಪುಟ್ಟಣ್ಣನ ಪ್ಲಾಸ್ಟರ್ ಕಡೆ ನೋಡಿದೆವು. ನೋಡಬಾರದಿತ್ತು.

"ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಾ ಇದೆ ಮಾಮ ಅಂದ್ನಂತೆ" ಅಂತ ಅತ್ತಿಗೆ ಕಷಾಯದ ಲೋಟವನ್ನು ಭಾವನ ಮುಂದೆ ಕುಕ್ಕಿದರು. ಭಾವ ಗಡಿಬಿಡಿಯಲ್ಲಿ ಗಾರ್ಡಿ ಹೌ ಕಡೆ ಓಡಿದ. 1950ರಲ್ಲಿ ತಲೆಬುರುಡೆ ಒಡೆದು ಆಪರೇಷನ್ ಆದವನು 1980ರವರೆಗೆ ಆಡಿದ, ಆಗ ಅವನಿಗೆ 52 ವರ್ಷ. ಪುಟ್ಟಣ್ಣನಿಗೆ ಸ್ವಲ್ಪ ಜೀವ ಬಂತು. "52 ಎಂತ ದೊಡ್ಡದು? ಚಿಟ್ಟಾಣಿಯವರು 80 ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಮಂಡಿ ಹಾಕಿ ರಂಗಸ್ಥಳ ಪೂರ್ತಿ ಸುತ್ತುವವರ ಮೊಣಕಾಲು ಎಂತದ್ದಿರಬೇಕು? ನಿನ್ನ ಓರ್ ಒಂದು ಮಳೆಗಾಲ ನಮ್ಮ ಕಡೆ ಬಂದು ಅಭ್ಯಾಸ ಮಾಡಬೇಕಿತ್ತು."

ಅಷ್ಟು ಹೊತ್ತು ತಡೆದುಕೊಂಡಿದ್ದ ಮಾಸ್ತರು ಈಗ ಮೈದಾನಕ್ಕೆ ಇಳಿದರು.

"ನಿಮ್ಮ ಐಸ್ ಹಾಕಿಯಲ್ಲಿ ವರ್ಷಕ್ಕೆ 80 ಪಂದ್ಯ. ಇವತ್ತಿಲ್ಲದಿದ್ದರೆ ನಾಳೆ. ನಮ್ಮ ಹಾಕಿಯಲ್ಲಿ ಎಲ್ಲ ಒಲಿಂಪಿಕ್ಸ್ ಮೇಲೆ. ನಾಲ್ಕು ವರ್ಷಕ್ಕೊಮ್ಮೆ ಎರಡು ವಾರ. ಆ ಎರಡು ವಾರ ಬೆರಳು ಮುರಿದರೂ ಕತೆ ಮುಗೀತು. 1936ರ ಬರ್ಲಿನ್ ಫೈನಲ್‌ನಲ್ಲಿ ಧ್ಯಾನ್ ಚಂದ್‌ಗೆ ಜರ್ಮನ್ ಗೋಲ್‌ಕೀಪರ್ ಗುದ್ದಿ ಹಲ್ಲು ಹೋಯ್ತು. ಬಾಯಿ ಒರೆಸಿಕೊಂಡು ವಾಪಸ್ ಬಂದರು. 8–1. ಇನ್ನು 1956, ಮೆಲ್ಬರ್ನ್. ನಾಯಕ ಬಲ್ಬೀರ್ ಸಿಂಗ್. ಅಫ್ಘಾನಿಸ್ತಾನದ ಮೇಲೆ ಮೊದಲ ಪಂದ್ಯ, 14–0. ಬಲ್ಬೀರ್ ಒಬ್ಬರೇ ಐದು ಗೋಲು ಹೊಡೆದರು. ಅದೇ ಪಂದ್ಯದಲ್ಲಿ ಬಲಗೈ ಬೆರಳು ಮುರೀತು."

"ಹೋಯ್ತಾ?"

"ಎಲ್ಲಿ ಹೋಗೋದು! ಗಾಯದ ಸುದ್ದಿಯನ್ನು ಗುಟ್ಟಾಗಿಟ್ಟರು. ಎದುರಿನವರಿಗೆ ಗೊತ್ತಾಗದಿದ್ದರೆ ಇವರನ್ನು ಕಾಯಲಿಕ್ಕೆ ಇಬ್ಬರನ್ನು ಬಿಟ್ಟೇ ಬಿಡ್ತಾರೆ, ಉಳಿದವರಿಗೆ ಜಾಗ ಸಿಗ್ತದೆ ಅಂತ ಲೆಕ್ಕ. ಸೆಮಿಫೈನಲ್, ಫೈನಲ್ ಎರಡೂ ಆಡಿದರು. ಬೆರಳಿಗೆ ಪ್ಲಾಸ್ಟರ್, ಮೇಲೆ ನೋವಿನ ಇಂಜೆಕ್ಷನ್. ಪಾಕಿಸ್ತಾನದ ಮೇಲೆ 1–0. ಗೋಲು ಹೊಡೆದದ್ದು ರಣಧೀರ್ ಸಿಂಗ್ ಜೆಂಟಲ್."

ಇಷ್ಟಾಗುವಾಗ ಅತ್ತಿಗೆ ಹೊರಗೆ ಬಂದು ಕಂಬಕ್ಕೆ ಒರಗಿ ಕೂತಾಗಿತ್ತು. ಮಾಸ್ತರಿಗೆ ಉಮೇದು ಏರಿತು. ನಿಮ್ಮ ಕೆನಡಾದವರೇ 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಕೃತಕ ಹುಲ್ಲು ಹಾಸಿ ನಮ್ಮ ಹಾಕಿ ಹಾಳು ಮಾಡಿದ್ದು ಅಂತ ಭಾವನಿಗೆ ಒಂದು ಬೈದರು. ಆ ಹುಲ್ಲಿನ ಒಲಿಂಪಿಕ್ಸ್‌ನಲ್ಲಿ ನಾವು ಏಳನೆಯವರು. ಭಾವ ತಾನೇ ಹಾಸಿದವನ ಹಾಗೆ ತಲೆ ತಗ್ಗಿಸಿದ. ಅಲ್ಲಿಗೆ ಬಿಟ್ಟಿದ್ದರೆ ಮಾಸ್ತರು ಗೆದ್ದಿರುತ್ತಿದ್ದರು. ಬಿಡಲಿಲ್ಲ.

"ಜುಗ್ರಾಜ್ ಸಿಂಗ್ ಅಂತ ಹುಡುಗ. 2001ರ ಜೂನಿಯರ್ ವಿಶ್ವಕಪ್ ಗೆದ್ದ ತಂಡದವ. ಪೆನಾಲ್ಟಿ ಕಾರ್ನರ್‌ಗೆ ನಿಂತರೆ ಗೋಲ್‌ಕೀಪರ್‌ಗಳಿಗೆ ನಡುಕ. 2003ರ ಸೆಪ್ಟೆಂಬರಿನಲ್ಲಿ ಕಾರು ಅಪಘಾತ. ಇನ್ನೂ ಇಪ್ಪತ್ತು ವರ್ಷ. ಆ ಅಪಘಾತ ಆಗದಿದ್ದರೆ 2004ರ ಅಥೆನ್ಸ್ ಪದಕ ನಮ್ಮದೇ!"

"ಮಾಸ್ತರೇ, ಅತ್ತೆಗೆ ಮೀಸೆ!" ಅಂದ ಪುಟ್ಟಣ್ಣ.

ಭಾವ ಫೋನಿನಲ್ಲಿ ಅದೇನನ್ನೋ ಹುಡುಕಿ, ನಿಧಾನಕ್ಕೆ, "ಅದೇ ಸೆಪ್ಟೆಂಬರಿನಲ್ಲಿ ಜುಗ್ರಾಜ್ ಇಲ್ಲದೇ ಏಷ್ಯಾ ಕಪ್ ಗೆದ್ದಿದ್ದೀರಲ್ಲ? ಪಾಕಿಸ್ತಾನದ ಮೇಲೆ 4–2" ಅಂದ. ಮಾಸ್ತರು ಸೀಟಿ ಊದುವುದೊಂದು ಬಾಕಿ.

ಸಂದೀಪ್ ಸಿಂಗ್ ಮಾತ್ರ ಮಾಸ್ತರ ಮಾನ ಉಳಿಸಿದರು. 2006ರ ಆಗಸ್ಟ್. ವಿಶ್ವಕಪ್ ತಂಡ ಸೇರಿಕೊಳ್ಳಲು ಶತಾಬ್ದಿ ರೈಲಿನಲ್ಲಿ ಹೊರಟಿದ್ದರು. ರೈಲ್ವೆ ಪೊಲೀಸ್ ಒಬ್ಬನ ಬಂದೂಕಿನಿಂದ ಅಕಸ್ಮಾತ್ ಗುಂಡು ಹಾರಿ ಇವರ ಬೆನ್ನಿಗೆ ಹೊಕ್ಕಿತು. ಮೈದಾನದಲ್ಲಿ ಎಷ್ಟೋ ಜನರಿಗೆ ಗಾಯ ಆಗುತ್ತದೆ. ಸೀಟಿನಲ್ಲಿ ಕೂತವನಿಗೆ ಗುಂಡು ತಗಲುವುದು ಅಂದರೆ! ಗಾಲಿಕುರ್ಚಿಯಿಂದ ಎದ್ದು ಬಂದು 2009ರಲ್ಲಿ ನಾಯಕನಾಗಿ ಅಜ್ಲಾನ್ ಷಾ ಕಪ್ ಗೆದ್ದರು. 2012ರಲ್ಲಿ ದೆಹಲಿಯ ಒಲಿಂಪಿಕ್ಸ್ ಅರ್ಹತಾ ಟೂರ್ನಿಯಲ್ಲಿ 16 ಗೋಲು. ಫ್ರಾನ್ಸ್ ಮೇಲಿನ ಫೈನಲ್ ಒಂದರಲ್ಲೇ ಐದು. ಅದೇ ವರ್ಷ ಲಂಡನ್ನಿನಲ್ಲಿ ನಮ್ಮ ತಂಡ ಎಲ್ಲ ಸೋತು ಕೊನೆಗೆ ಬಂತು ಅನ್ನುವುದನ್ನು ಮಾಸ್ತರು ಹೇಳಲಿಲ್ಲ. ನಾನೂ ಸುಮ್ಮನಿದ್ದೆ.

ನನಗೆ ಕುತೂಹಲ ಇದ್ದದ್ದು ಕಣ್ಣಿಗೆ ಕಾಣದ ಗಾಯದ ಬಗ್ಗೆ. ಪ್ಲಾಸ್ಟರ್ ಇದ್ದರೆ ಊರವರೆಲ್ಲ ಹಣ್ಣು ಹಿಡಿದು ಬರುತ್ತಾರೆ. ತಲೆಯೊಳಗೆ ಪೆಟ್ಟಾದರೆ? ಐಸ್ ಹಾಕಿಯ ಎರಿಕ್ ಲಿಂಡ್ರೋಸ್ ಆರಡಿ ನಾಲ್ಕಿಂಚಿನ ದೈತ್ಯ. ತಲೆಗೆ ಮೇಲಿಂದ ಮೇಲೆ ಪೆಟ್ಟು ಬಿತ್ತು. 2000ದ ಮೇ ತಿಂಗಳಲ್ಲಿ ಸ್ಕಾಟ್ ಸ್ಟೀವನ್ಸ್ ಭುಜದಿಂದ ಗುದ್ದಿದ್ದಕ್ಕೆ ಅಲ್ಲೇ ಮಲಗಿಬಿಟ್ಟ. ಆಗಿನ ಜನ ಅವನನ್ನು ಮೆತ್ತಗಿನವ ಅಂದರು. ಸಿಡ್ನಿ ಕ್ರಾಸ್ಬಿಗೆ 2011ರ ಜನವರಿಯಲ್ಲಿ ಐದು ದಿನದೊಳಗೆ ತಲೆಗೆ ಎರಡು ಪೆಟ್ಟು. ಅವನು ಹತ್ತು ತಿಂಗಳು ಕೂತ. ಇಡೀ ಕೆನಡಾ ಕಾಯಿತು. ನವೆಂಬರಿನಲ್ಲಿ ಬಂದವನೇ ಎರಡು ಗೋಲು ಹೊಡೆದು ಇನ್ನೆರಡಕ್ಕೆ ಪಾಸ್ ಕೊಟ್ಟ. ಮತ್ತೆ ತಲೆ ತಿರುಗಿ ಮತ್ತೆ ಕೂತ. 2016, 2017 ಎರಡೂ ವರ್ಷ ಕಪ್ ಎತ್ತಿದ. ಇಬ್ಬರದೂ ಅದೇ ಮಿದುಳು, ಅದೇ ಪೆಟ್ಟು, ನಡುವೆ ಹತ್ತು ವರ್ಷ. ಒಬ್ಬನಿಗೆ ಬೈಗುಳ, ಇನ್ನೊಬ್ಬನಿಗೆ ರಜೆ.

"ಆ ಗುದ್ದಿದವನ ಕತೆ ಎಂತಾಯ್ತು?" ಅಂದರು ಅತ್ತಿಗೆ.

ಇಷ್ಟು ಹೊತ್ತಿನಲ್ಲಿ ನಾವ್ಯಾರೂ ಕೇಳದ ಪ್ರಶ್ನೆ. ಭಾವ ತಡವರಿಸಿದ. "ಆಗ ಅದು ಫೌಲ್ ಅಲ್ಲ. ನೋಡದವನ ತಲೆಗೆ ಪಕ್ಕದಿಂದ ಗುದ್ದಬಾರದು ಅಂತ ನಿಯಮ ಬಂದದ್ದೇ 2010ರಲ್ಲಿ. ಸ್ಟೀವನ್ಸ್ ತಂಡ ಆ ವರ್ಷ ಕಪ್ ಗೆದ್ದಿತು. ಅವನಿಗೇ ಶ್ರೇಷ್ಠ ಆಟಗಾರ ಪ್ರಶಸ್ತಿ. 2007ರಲ್ಲಿ ಹಾಲ್ ಆಫ್ ಫೇಮ್."

"ಪೆಟ್ಟು ತಿಂದವನು?"

"ಅವನನ್ನು ಸೇರಿಸಿದ್ದು 2016ರಲ್ಲಿ."

"ಒಳ್ಳೇ ನ್ಯಾಯ. ಕೆಡವಿದವನನ್ನು ಮೊದಲು ಒಳಗೆ ಕರೆದು ಚಾ ಕೊಟ್ಟರು, ಬಿದ್ದವನನ್ನು ಒಂಬತ್ತು ವರ್ಷ ಆದಮೇಲೆ. ಆ ಹಾಲಿನಲ್ಲಿ ಒಬ್ಬಳು ಹೆಂಗಸಾದರೂ ಇದ್ದಾಳಾ?"

"2010ರಿಂದ ಸೇರಿಸ್ತಿದ್ದಾರೆ" ಅಂದ ಭಾವ ಸಣ್ಣ ದನಿಯಲ್ಲಿ. ಸ್ಟೀವನ್ಸ್‌ನ ಆಟವೂ ಕೊನೆಗೆ ತಲೆಪೆಟ್ಟಿನಲ್ಲೇ ಮುಗಿಯಿತು ಅಂತ ಸೇರಿಸಿದ. ಅತ್ತಿಗೆಗೆ ಅದರಿಂದ ಸಮಾಧಾನವಾದ ಹಾಗೆ ಕಾಣಲಿಲ್ಲ.

"ಹಾಗಾದರೆ ನಿನ್ನ ಲೆಕ್ಕದಲ್ಲಿ ದೊಡ್ಡವರು ಯಾರು ತಂಗಿ?" ಅಂತ ಮಾಸ್ತರು ಕೇಳಿದರು.

"ಆ ಬೆರಳು ಮುರಿದ ಸರ್ದಾರ್ಜಿ. ಗೋಲು ಹೊಡೆಯದೇ ಇಬ್ಬರನ್ನು ತನ್ನ ಹಿಂದೆ ಸುಮ್ನೆ ಓಡಾಡಿಸಿದ್ನಲ್ಲ."

ಮಾಸ್ತರು ಗೆದ್ದ ಮುಖ ಮಾಡಿ ಕೊನೆಯ ಹಪ್ಪಳಕ್ಕೆ ಕೈ ಹಾಕಿದರು. ಪುಟ್ಟಣ್ಣ ಲೆಮ್ಯೂಗೆ ವೋಟು ಹಾಕಿದ, ನಾನೂ ಅವನಿಗೇ.

"ಓರ್‌ಗೆ ಒಂದು ವೋಟೂ ಇಲ್ವಾ?" ಅಂದ ಭಾವ.

"ಚೆಕ್ ಮುರಿಸದವನಿಗೆ ಈ ಮನೆಯಲ್ಲಿ ವೋಟಿಲ್ಲ" ಅಂತ ಅತ್ತಿಗೆ ಲೋಟ ಒಟ್ಟುಮಾಡಿಕೊಂಡು ಒಳಗೆ ಹೋದರು.