ಅಪ್‌ಡೇಟ್: ಅಮ್ಮ ಅಧ್ಯಯನಕ್ಕೆ ಸೇರಿದರು

ಮಧುಮೇಹವಿರುವ 62 ವರ್ಷದ ನನ್ನ ತಾಯಿಯನ್ನು ವಿಶ್ವವಿದ್ಯಾಲಯವೊಂದರ ಸಿರಿಧಾನ್ಯ ಅಧ್ಯಯನಕ್ಕೆ ಸೇರಿಸಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಮ್ಮಲ್ಲೊಬ್ಬರು ಸೂಚಿಸಿದಂತೆ, ಜನರ ಮೇಲೆ ನಡೆಯುವ ವೈದ್ಯಕೀಯ ಅಧ್ಯಯನಗಳನ್ನು ನೋಂದಾಯಿಸುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲು ಹುಡುಕಿದೆ. 2007ರಲ್ಲಿ ಆರಂಭವಾದ ಈ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮ ಅಧ್ಯಯನದ ಉದ್ದೇಶ, ಅವಧಿ ಮತ್ತು ನೈತಿಕ ಸಮಿತಿಯ ಅನುಮೋದನೆ ಎಲ್ಲವೂ ಅಲ್ಲಿದ್ದವು.

ತೊಡಕಾದದ್ದು ಒಪ್ಪಿಗೆ ಪತ್ರ. ಅದು ಕನ್ನಡದಲ್ಲೇ ಇತ್ತು, ಆದರೆ ಎಂಥ ಕನ್ನಡ! ‘ಯಾದೃಚ್ಛಿಕ ಹಂಚಿಕೆ’ ಎಂಬಲ್ಲಿಗೆ ಬಂದಾಗ ಅಮ್ಮ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಎದುರಿಗಿದ್ದ ಸಂಶೋಧನಾ ವಿದ್ಯಾರ್ಥಿನಿ, “ಚೀಟಿ ಎತ್ತಿದ ಹಾಗೆ ಅಮ್ಮಾ, ಯಾರು ಯಾವ ಗುಂಪಿಗೆ ಅಂತ ನಾವೂ ಆರಿಸೋ ಹಾಗಿಲ್ಲ” ಎಂದಾಗ ಒಂದೇ ಮಾತಿಗೆ ಅರ್ಥವಾಯಿತು. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗದು ಎಂಬ ಸಾಲನ್ನು ಅವರು ಎರಡು ಸಲ ಓದಿಸಿಕೊಂಡೇ ಸಹಿ ಹಾಕಿದರು. ಸಹಿಯಾದ ಪ್ರತಿಯನ್ನು ಮಾತ್ರ ನಾವೇ ಕೇಳಿ ಪಡೆಯಬೇಕಾಯಿತು. ಅದು ಭಾಗವಹಿಸುವವರ ಹಕ್ಕಾಗಿರುವುದರಿಂದ ಕೇಳಲು ಸಂಕೋಚಪಡಬೇಕಿಲ್ಲ.

ಬಸ್ ಖರ್ಚು ಕೊಡುತ್ತಾರೆ, ರಕ್ತಪರೀಕ್ಷೆಗೆ ನಮ್ಮಿಂದ ಹಣ ತೆಗೆದುಕೊಳ್ಳುವುದಿಲ್ಲ. ಅಮ್ಮನಿಗೆ ಬಂದದ್ದು ಎಂದಿನ ಊಟವನ್ನೇ ಮುಂದುವರಿಸುವ ಗುಂಪು. ನವಣೆ ಅನ್ನ ತಪ್ಪಿತೆಂದು ಅವರಿಗೆ ಕೊಂಚ ಬೇಸರವಿದೆ.