ಹೊಟ್ಟೆಯ ಹಿಂಭಾಗದಲ್ಲಿ 24 ಸೆಂ.ಮೀ. ಕೊಬ್ಬಿನ ಗಡ್ಡೆ: ಕಿಡ್ನಿ ಉಳಿಸಿ ಇಲ್ಲೇ ತೆಗೆಯಬಹುದಾ?

ಕುಮಟಾ_ಸರ್ಜರಿ:
56 ವರ್ಷದ ಹೆಂಗಸು. ಹೊಟ್ಟೆ ದಪ್ಪ ಆಗ್ತಾ ಬಂದಿದೆ, ನೋವಿಲ್ಲ. ಸೀಟಿ ಸ್ಕ್ಯಾನಿನಲ್ಲಿ ಎಡ ಕಿಡ್ನಿಯ ಹಿಂದೆ 24 ಸೆಂ.ಮೀ. ಗಡ್ಡೆ, ಬಹುಪಾಲು ಕೊಬ್ಬು, ಕೆಳಗೆ 5 ಸೆಂ.ಮೀ. ಗಟ್ಟಿ ಭಾಗ. ಕಿಡ್ನಿ ಮುಂದಕ್ಕೆ ಸರಿದಿದೆ. ಎಫ್‌ಎನ್‌ಎಸಿಯಲ್ಲಿ (ಸಣ್ಣ ಸೂಜಿಯಿಂದ ಕೋಶ ತೆಗೆದು ನೋಡೋ ಪರೀಕ್ಷೆ) 'ಲೈಪೋಮಾ', ಅಂದ್ರೆ ಕ್ಯಾನ್ಸರ್ ಅಲ್ಲದ ಕೊಬ್ಬಿನ ಗಡ್ಡೆ ಅಂತ ಬಂದಿದೆ. ಸುಲಭವಾಗಿ ಬಿಡಿಸಿಕೊಂಡು ಬರೋ ಹಾಗೆ ಕಾಣ್ತದೆ. ಮನೆಯವರಿಗೆ ಮಣಿಪಾಲ, ಹುಬ್ಬಳ್ಳಿ ಓಡಾಟ ಬೇಡ.

ಗಡ್ಡೆ_ಸರ್ಜನ್:
ದಯವಿಟ್ಟು ಹೊಟ್ಟೆ ತೆರೆಯಬೇಡಿ ಸರ್. ಈ ಜಾಗದಲ್ಲಿ ಇಷ್ಟು ದೊಡ್ಡ ಕೊಬ್ಬು ಅಂದ್ರೆ ಲೈಪೋಸಾರ್ಕೋಮಾ (ಕೊಬ್ಬಿನ ಕ್ಯಾನ್ಸರ್) ಅಂತಲೇ ಹಿಡಿದು ಹೊರಡಬೇಕು. 'ಬಿಡಿಸಿಕೊಂಡು ಬರ್ತದೆ' ಅನ್ನೋದೇ ಮೋಸ. ಕೈಗೆ ಸಿಗೋ ಆ ಪೊರೆ ಗಡ್ಡೆಯದೇ ಒತ್ತಿದ ಅಂಚು. ಅದರ ಗುಂಟ ಹೋದರೆ ಹೊರಗೆ ಗಡ್ಡೆ ಉಳಿದುಬಿಡ್ತದೆ. ಅದರ ವೆಲ್ ಡಿಫರೆನ್ಶಿಯೇಟೆಡ್ (ಮಾಮೂಲಿ ಕೊಬ್ಬನ್ನೇ ಹೋಲೋ) ಭಾಗಕ್ಕೂ ಪಕ್ಕದ ಮಾಮೂಲಿ ಕೊಬ್ಬಿಗೂ ಟೇಬಲ್ ಮೇಲೆ ಕಣ್ಣಿಗೆ ವ್ಯತ್ಯಾಸವೇ ಕಾಣೋದಿಲ್ಲ. ಅದಕ್ಕೇ ಆ ಬದಿಯ ಕೊಬ್ಬು ಪೂರ್ತಿ, ಎಡ ಕಿಡ್ನಿ, ಇಳಿಗರುಳು, ಸೋಯಾಸ್ (ಬೆನ್ನೆಲುಬಿನ ಪಕ್ಕದ ಸ್ನಾಯು) ಮೇಲಿನ ಪೊರೆ ಒಂದೇ ತುಂಡಾಗಿ ಬರಬೇಕು. ಪ್ಯಾಂಕ್ರಿಯಾಸಿನ ಬಾಲ, ಗುಲ್ಮ ಅಂಟಿದ್ದರೆ ಅವೂ. ಮೊದಲು ಡಿಟಿಪಿಎ ಸ್ಕ್ಯಾನ್ (ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡ್ತದೆ ಅಂತ ತೋರಿಸೋದು) ಮಾಡಿಸಿ, ಬಲ ಕಿಡ್ನಿ ಒಂದೇ ಭಾರ ಹೊರ್ತದಾ ನೋಡಿಕೊಳ್ಳಿ. ಚೂರುಚೂರಾಗಿ ತೆಗೆದರೆ ಹೊಟ್ಟೆಯಲ್ಲೇ ಮತ್ತೆ ಬೆಳೀತದೆ, ಎರಡನೇ ಸಲ ಪೂರ್ತಿ ಸಿಗೋದು ಕಷ್ಟ.

ಸ್ಕ್ಯಾನ್_ಶಿರಸಿ:
ಎಫ್‌ಎನ್‌ಎಸಿ ಮರೆತುಬಿಡಿ, ಸೂಜಿ ಬರೀ ಕೊಬ್ಬಿಗೆ ಹೋಗಿರಬಹುದು. ಆ 5 ಸೆಂ.ಮೀ. ಗಟ್ಟಿ ಭಾಗದಿಂದಲೇ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ಸಣ್ಣ ತುಂಡು ತೆಗೆಯೋದು) ಬೇಕು: ಸೀಟಿ ನೋಡ್ತಾ, ಬೆನ್ನು ಅಥವಾ ಪಕ್ಕೆಯಿಂದ, 16 ಗೇಜ್ ಕೋ-ಆಕ್ಸಿಯಲ್ (ಹೊರಗಿನ ಕೊಳವೆಯೊಳಗೆ ಹೋಗೋ) ಸೂಜಿ, ನಾಲ್ಕೈದು ತುಂಡು. ಮುಂದಿನಿಂದ ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ತೂರಿಸಬೇಡಿ. ಲೈಪೋಸಾರ್ಕೋಮಾ ಗುರುತಿಸೋ ಜೀನ್ ಪರೀಕ್ಷೆ ಎಂಡಿಎಂ2 ಫಿಶ್ ಹೇಳಿ. ಕಿಡ್ನಿ ಅಂಚಲ್ಲೇ ಕಚ್ಚಿದಂಥ ಗುರುತಿದ್ದರೆ ಆಂಜಿಯೋಮಯೋಲೈಪೋಮಾ (ಕಿಡ್ನಿಯದೇ ಕೊಬ್ಬಿನ ಗಡ್ಡೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ) ಇರಬಹುದು, ಅದನ್ನೂ ನೋಡಿ. ಶ್ವಾಸಕೋಶಕ್ಕೆ ಹರಡಿದೆಯಾ ನೋಡಲು ಎದೆಯ ಸೀಟಿ ಆಗಿದೆಯಾ?

ಕುಮಟಾ_ಸರ್ಜರಿ:
ಎದೆಯದ್ದು ಆಗಿಲ್ಲ, ಮಾಡಿಸ್ತೇನೆ. ಆಪರೇಷನ್‌ಗೆ ಮೊದಲು ರೇಡಿಯೇಷನ್ ಕೊಟ್ಟರೆ?

ಗಡ್ಡೆ_ಸರ್ಜನ್:
2020ರಲ್ಲಿ ಬಂದ ಸ್ಟ್ರಾಸ್ ಅಧ್ಯಯನದಲ್ಲಿ ಆಪರೇಷನ್‌ಗೆ ಮೊದಲು 28 ಸಲಕ್ಕೆ ಒಟ್ಟು 50.4 ಗ್ರೇ (ರೇಡಿಯೇಷನ್ ಅಳತೆ) ಕೊಟ್ಟರೂ ಒಟ್ಟಾರೆ ಲಾಭ ಸಿಗಲಿಲ್ಲ. ಲೈಪೋಸಾರ್ಕೋಮಾದ ಮಟ್ಟಿಗೆ ವಾದ ಇನ್ನೂ ಇದೆ. ಅದನ್ನು ಟ್ಯೂಮರ್ ಬೋರ್ಡಿಗೆ (ಬೇರೆ ಬೇರೆ ತಜ್ಞರು ಕೂತು ಚಿಕಿತ್ಸೆ ನಿರ್ಧರಿಸೋ ಸಭೆ) ಬಿಡಿ. ಆಪರೇಷನ್ ಆದ ಮೇಲೆ ಆ ಜಾಗಕ್ಕೆ ಕರುಳು ಬಂದು ಕೂರ್ತದೆ, ಆಗ ರೇಡಿಯೇಷನ್ ನಾನಂತೂ ಒಪ್ಪೋದಿಲ್ಲ.

ಕಾರವಾರ_ಕೌಂಟರ್:
ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಹೋಗೋದಾದರೆ ಆಧಾರ್, ರೇಷನ್ ಕಾರ್ಡ್ ಜೊತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆ ರೆಫರಲ್ ಕ್ರಿಮ್ಸ್‌ನಲ್ಲೂ (ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಮಾಡಿಸಬಹುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸೀಟಿಯ ಸಿಡಿಯನ್ನೇ ಕೊಟ್ಟು ಕಳಿಸಿ ಮಾರಾಯ್ರೇ, ಫಿಲ್ಮಿನ ಮೊಬೈಲ್ ಫೋಟೋ ಅಲ್ಲ. ಬಯಾಪ್ಸಿ ತುಂಡು ಇಟ್ಟ ಮೇಣದ ಬ್ಲಾಕ್ ಕೂಡ.