ಒಂದೇ ಕೈಸನ್ನೆಗೆ ಬೇರೆ ಬೇರೆ ಅರ್ಥ ಬರುವುದು ಹೇಗೆ?

ಪ್ರಶ್ನೆ (ಜಯನಗರ):
ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಎರಡು ತಿಂಗಳ ಹಿಂದೆ ಕಿವಿ ಕೇಳಿಸದ ಯುವತಿಯೊಬ್ಬರು ಸೇರಿದ್ದಾರೆ. ಅವರೊಡನೆ ಮಾತನಾಡಬೇಕೆಂಬ ಆಸೆಯಿಂದ, ಒಂದೇ ಕೈಯಲ್ಲಿ ತೋರಿಸುವ ಇಂಗ್ಲಿಷ್ ಅಕ್ಷರಗಳನ್ನು ಯೂಟ್ಯೂಬ್ ನೋಡಿ ಕಲಿತೆ. ಅವರಾದರೋ ಎರಡೂ ಕೈಗಳನ್ನು ಬಳಸುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ‘ಏನು’ ಎಂದು ನಾನು ತಿಳಿದಿದ್ದ ಸನ್ನೆಯೇ ‘ಯಾರು’ ಎನ್ನುವಾಗಲೂ ‘ಎಲ್ಲಿ’ ಎನ್ನುವಾಗಲೂ ಕಾಣಿಸುತ್ತದೆ. ಅರ್ಥವನ್ನು ಹಿಡಿಯುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮಲ್ಲೇಶ್ವರ):
ನೀವು ಕಲಿತದ್ದು ಅಮೆರಿಕದ ಸಂಜ್ಞಾ ಭಾಷೆಯ ಅಕ್ಷರಗಳಿರಬೇಕು. ನಮ್ಮಲ್ಲಿ ಅವನ್ನು ಬಹುಪಾಲು ಎರಡು ಕೈಗಳಿಂದಲೇ ತೋರಿಸುತ್ತಾರೆ. ನೀವು ಗಮನಿಸಿದ ಎರಡನೆಯ ಸಂಗತಿ ಬಹಳ ಮುಖ್ಯವಾದುದು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಪ್ರಶ್ನೆಗೆಂದೇ ಒಂದು ಸಾಮಾನ್ಯ ಸನ್ನೆಯಿದ್ದು, ಅದಕ್ಕೆ ಮೊದಲು ಮುಖದ ಸನ್ನೆ ಬಂದರೆ ‘ಯಾರು’, ಸ್ಥಳದ ಸನ್ನೆ ಬಂದರೆ ‘ಎಲ್ಲಿ’, ಸಮಯದ ಸನ್ನೆ ಬಂದರೆ ‘ಯಾವಾಗ’ ಎಂದಾಗುತ್ತದೆ. ಈ ಪ್ರಶ್ನೆಯ ಸನ್ನೆ ಬರುವುದೂ ವಾಕ್ಯದ ಕೊನೆಗೇ, ‘ನಿಮ್ಮ ಹೆಸರೇನು’ ಎನ್ನುವಲ್ಲಿ ನಮ್ಮ ‘ಏನು’ ಬರುವ ಹಾಗೆ. ಕನ್ನಡಿಗರಿಗೆ ಇದು ಕಷ್ಟವಾಗಬಾರದು.

ಅಮೆರಿಕದ ಸಂಜ್ಞಾ ಭಾಷೆಯನ್ನು ಅಧ್ಯಯನ ಮಾಡಿದ ವಿಲಿಯಂ ಸ್ಟೋಕಿ 1960ರಲ್ಲೇ ತೋರಿಸಿದಂತೆ, ಸನ್ನೆಯೊಂದರಲ್ಲಿ ಕೈಯ ಆಕಾರ, ಅದು ನಿಲ್ಲುವ ಜಾಗ, ಅದರ ಚಲನೆ ಮೂರೂ ಸೇರಿರುತ್ತವೆ. ‘ಮರ’ದ ಮೊದಲಕ್ಷರ ಬದಲಾದರೆ ‘ಬರ’ವಾಗುವಂತೆ, ಇವುಗಳಲ್ಲಿ ಒಂದು ಬದಲಾದರೂ ಅರ್ಥ ಬೇರೆಯಾಗಬಹುದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಸಿರುವ ನಿಘಂಟಿನ ವಿಡಿಯೊಗಳನ್ನು ನೋಡಿ.

ಉತ್ತರ (ಬಸವನಗುಡಿ):
ನನ್ನ ತಂದೆತಾಯಿ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ. ಮೇಲಿನವರು ಹೇಳಿದ್ದರ ಜೊತೆಗೆ ಒಂದು ಮಾತು: ದೃಷ್ಟಿಯನ್ನು ಕೈಗಳ ಮೇಲಿಡದೆ ಮುಖದ ಮೇಲಿಡಿ, ಕೈಗಳು ತಾವಾಗಿಯೇ ಕಾಣುತ್ತವೆ. ಅಮ್ಮ ‘ಊಟ’, ‘ಮುಗಿಯಿತು’ ಎಂಬ ಎರಡು ಸನ್ನೆ ಮಾಡಿ, ಹುಬ್ಬೇರಿಸಿ, ನನ್ನತ್ತ ಸ್ವಲ್ಪ ಬಾಗಿ ಕಾದರೆ ನನ್ನ ಊಟವಾಯಿತೇ ಎಂದು ಕೇಳುತ್ತಿದ್ದಾರೆ. ಹುಬ್ಬು ಅಲುಗದಿದ್ದರೆ ಅವರದೇ ಊಟ ಮುಗಿದಿದೆ. ಕೈಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿರುವುದಿಲ್ಲ. ಅರ್ಥವಾಗದಿದ್ದಾಗ ಸುಮ್ಮನೆ ತಲೆಯಾಡಿಸಬೇಡಿ, ಇನ್ನೊಮ್ಮೆ ಹೇಳಿರೆಂದು ಕೇಳಿ. ಅದರಿಂದ ಅವರಿಗೆ ಬೇಸರವಾಗುವುದಿಲ್ಲ, ತಲೆಯಾಡಿಸಿದರೆ ಆಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನಾನು ಇದುವರೆಗೆ ತಲೆಯಾಡಿಸುತ್ತಲೇ ಇದ್ದೆ. ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ನಂತರವೋ ಎಂಬುದು ನಮ್ಮ ಅಂಗಡಿಯಲ್ಲಿ ದಿನವಿಡೀ ಬರುವ ಮಾತು; ನಾಳೆ ಅದರ ಸನ್ನೆಯನ್ನು ಅವರಿಂದಲೇ ಕೇಳಿ ಕಲಿಯುತ್ತೇನೆ.